ಅರ್ಜಿ ಬರಹಗಾರ ಭಗವಂತಪ್ಪ ಎಲೆ ಕಟ್ ಮಾಡಿಸಿದ್ದು

ಆಳಂದದ ತಹಸೀಲ ಕಚೇರಿಯ ಎದುರಿಗಿದ್ದ ಹುಣಸೆಮರಕ್ಕೆ ಒಂದು ತಗಡಿನ ಬೋರ್ಡು ಹೊಡೆದಿತ್ತು: 'ಭಗವಂತಪ್ಪ, ಅರ್ಜಿ ಬರಹಗಾರರು'. ಕೊನೆಯ 'ರು' ಉಳಿದ ಅಕ್ಷರಗಳಿಗಿಂತ ತುಸು ದಪ್ಪ. ಪೇಂಟರು ಮೊದಲು 'ಬರಹಗಾರ' ಎಂದಷ್ಟೇ ಬರೆದು ಏಣಿ ಇಳಿದಿದ್ದ. ಭಗವಂತಪ್ಪ ಅವನನ್ನು ಮತ್ತೆ ಏಣಿ ಹತ್ತಿಸಿ ತನ್ನ ಗೌರವವನ್ನು ಸೇರಿಸಿಕೊಂಡಿದ್ದ.

ನಿಜಾಮನ ಕಾಲದಲ್ಲಿ ಇದೇ ಮರದ ಕೆಳಗೆ ಕೂತು ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದ ಸೋದರಮಾವನಿಂದ ಅವನಿಗೆ ಎರಡು ಆಸ್ತಿ ಬಂದಿದ್ದವು. ಒಂದು, ಮೂರೂವರೆ ಕಾಲಿನ ಇಳಿಜಾರು ಮೇಜು. ಇನ್ನೊಂದು, ಸರಕಾರ ನಡೆಯುವುದೇ ತನ್ನ ಅಕ್ಷರದ ಮೇಲೆ ಎಂಬ ನಂಬಿಕೆ. ಮೂವರು ತಹಸೀಲದಾರರು ಅವನ ಅರ್ಜಿ ಎತ್ತಿ ಹಿಡಿದು "ಇದು ಯಾರ ಅಕ್ಷರ?" ಎಂದು ಕೇಳಿದ್ದರು. ಅವನು ಮೂರನ್ನೂ ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡಿದ್ದ, ಅವರಲ್ಲಿ ಒಬ್ಬರು ಸಿಟ್ಟಿನಿಂದ ಕೇಳಿದ್ದರೂ.

ಕೆಲಸದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಯಾವ ಕಾಗದ ಬರೆದರೂ ಒಂದು ಅಸಲು, ಒಂದು ನಕಲು. ಎರಡನ್ನೂ ಅಕ್ಕಪಕ್ಕ ಇಟ್ಟು, ಕಟ್ಟಿಗೆಯ ಸ್ಕೇಲನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ತಾಳೆ ನೋಡದೆ ಯಾರ ಕೈಗೂ ಕೊಟ್ಟವನಲ್ಲ. ಅಸಲು ಕಕ್ಷಿದಾರನಿಗೆ, ನಕಲು ಭಗವಂತಪ್ಪನ ಕೆಂಪು ಬಟ್ಟೆಯ ರಟ್ಟಿನ ಬುಕ್ಕಿಗೆ. ಇಪ್ಪತ್ತೈದು ವರ್ಷದ ಆಳಂದದ ಜಗಳವೆಲ್ಲ ಅವನ ಬುಕ್ಕುಗಳಲ್ಲಿತ್ತು.

ಸಂಜೆ ಕಚೇರಿ ಮುಗಿದ ಮೇಲೆ ಅವನು ಗಡಿಯಾರ ರಿಪೇರಿಯ ಲಾಡ್ಲೆಸಾಬನ ಅಂಗಡಿಗೆ ಹೋಗುತ್ತಿದ್ದ. ಅಲ್ಲಿ ಇಸ್ಪೀಟಿನ 'ಇಪ್ಪತ್ತೊಂದು' ನಡೆಯುತ್ತಿತ್ತು. ಗುಲಾಮ, ರಾಣಿ, ರಾಜರಿಗೆ ತಲಾ ಹತ್ತು; ಎಲೆಗಳ ಮೊತ್ತ ಇಪ್ಪತ್ತೊಂದಕ್ಕೆ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು, ದಾಟಿದರೆ ಸತ್ತಂತೆ. ರೊಕ್ಕವಿಲ್ಲ, ಪಣಕ್ಕೆ ಹುಣಸೆ ಬೀಜ. ಹದಿನೆಂಟು ವರ್ಷ ಭಗವಂತಪ್ಪ ಆ ಅಂಗಡಿಯಲ್ಲಿ ಬರಿಗೈಲಿ ಎದ್ದವನಲ್ಲ. ಅವನದೊಂದು ಕಟ್ಟಳೆ ಇತ್ತು: ಎಲೆ ಕಲಸಿದವನ ಎದುರಿಗಿದ್ದವನು ಕಟ್ಟನ್ನು ಎರಡು ಪಾಲು ಮಾಡಿ ಕೆಳಗಿನದನ್ನು ಮೇಲಿಡಬೇಕು. ಕಟ್ ಆಗದ ಎಲೆಯನ್ನು ಅವನು ಮುಟ್ಟುತ್ತಿರಲಿಲ್ಲ. ಒಮ್ಮೆ ಲಾಡ್ಲೆಸಾಬ ಮರೆತು ಹಂಚಿದ್ದಕ್ಕೆ ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಹೋಗಿದ್ದ. ಈ ಕಟ್ಟಳೆ ಇಡೀ ಊರಿಗೆ ಗೊತ್ತಿತ್ತು, ಇಡೀ ಊರು ಅದನ್ನು ನಕ್ಕು ಬಿಟ್ಟಿತ್ತು.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ದಾಲ್ ಮಿಲ್ಲಿನ ದೌಲತರಾಯ ತೊಗರಿಬೇಳೆ ಮಾರಲು ಮುಂಬಯಿಗೆ ಹೋದವನು ಬರುವಾಗ ಒಂದು ಡಬ್ಬಿ ತಂದ. ಟೀವಿಗೆ ಹಚ್ಚುವ ಡಬ್ಬಿ. ಅದಕ್ಕೊಂದು ಗುಂಡಿಯ ಹಿಡಿಕೆ, ಬಂದ್-ಚಾಲೂ ಮಾಡಲು ಒಂದು ಸ್ವಿಚ್ಚು, ಮೇಲೆ ಸಿಕ್ಕಿಸಲು ಅಂಗೈಯಗಲದ ಒಂದು ಕರಿ ಬಿಲ್ಲೆ. ಬಿಲ್ಲೆ ಸಿಕ್ಕಿಸಿ ಚಾಲೂ ಮಾಡಿದರೆ ಪರದೆಯ ಮೇಲೆ ಹಸಿರು ಹಾಸು ಬಿದ್ದು, ವಿಲಾಯತಿಯ ಜೂಜುಮನೆಗಳಲ್ಲಿ ಆಡುವ ಇಪ್ಪತ್ತೊಂದು ಶುರುವಾಗುತ್ತಿತ್ತು. ಎಲೆ ಹಾಕುವುದೂ ಡಬ್ಬಿಯೇ, ಎದುರಾಳಿಯೂ ಡಬ್ಬಿಯೇ. ರಾಜನಿಗೆ ಮುಖವಿರಲಿಲ್ಲ, ಬರೀ ಒಂದು ಇಂಗ್ಲಿಷ್ ಅಕ್ಷರ. ಬದಾಮು ಯಾವುದು, ಇಸ್ಪೀಟು ಯಾವುದು ಎಂಬುದನ್ನು ಅಂದಾಜಿನ ಮೇಲೆ ತಿಳಿಯಬೇಕಿತ್ತು. ಆಡುವವನಿಗೆ ಮೊದಲು ಇನ್ನೂರು ಪಾಯಿಂಟು. ಅದು ಸಾವಿರ ದಾಟಿದರೆ ಡಬ್ಬಿ ಸೋತಂತೆ, ಹಾಡು ಹೇಳಿ ನಿಲ್ಲುತ್ತದೆ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಆ ಹಾಡನ್ನು ಯಾರೂ ಕೇಳಿರಲಿಲ್ಲ.

ದೌಲತರಾಯ ಊರ ಹಿರಿಯರನ್ನೆಲ್ಲ ಚಹಾಕ್ಕೆ ಕರೆದ. ಭಗವಂತಪ್ಪನಿಗೂ ಕರೆ ಬಂತು. ಅವನು ಇಸ್ತ್ರಿ ಮಾಡಿದ ಧೋತರ ಉಟ್ಟು ಹೋದ. ಎಲ್ಲರೂ ಸೋಫಾದ ಮೇಲೆ, ಅವನಿಗೆ ಮಾತ್ರ ಟೀವಿಯ ಮುಂದೆ ಒಂದು ಮಣೆ.

"ಬಾರಪ್ಪಾ ಭಗವಂತಪ್ಪ. ಹದಿನೆಂಟು ವರ್ಷದಿಂದ ಸೋತಿಲ್ಲಂತಲ್ಲ? ಇದರ ಜೋಡಿ ಒಂದು ಕೈ ನೋಡು."

"ಎಲಿ ಕಟ್ ಮಾಡೋದು ಹ್ಯಾಂಗ್ರಿ ಸಾವ್ಕಾರ್ರ?"

ಸೋಫಾ ನಕ್ಕಿತು. "ಮಿಶಿನ್‌ಗೆ ಕಟ್ ಏನೋ ಮಾರಾಯ! ಗುಂಡಿ ಒತ್ತು."

ಹನ್ನೊಂದು ನಿಮಿಷದಲ್ಲಿ ಇನ್ನೂರೂ ಕರಗಿತು. ಕೊನೆಯ ಆಟದಲ್ಲಿ ಅವನ ಕೈಯಲ್ಲಿ ಹದಿನೈದು ಇತ್ತು. ಮೀಸೆ ಸವರಿ ಇನ್ನೊಂದು ಎಲೆ ಕೇಳಿದ. ರಾಣಿ ಬಂದಳು. ಇಪ್ಪತ್ತೈದು. ಪರದೆಯ ಮೇಲೆ, ಸತ್ತೆ ಎಂಬುದಕ್ಕೆ, ಒಂದು ಇಂಗ್ಲಿಷ್ ಪದ ಮಿಣಿಮಿಣಿ ಎಂದಿತು. ದೌಲತರಾಯ ಅದನ್ನು ಓದಿ ಹೇಳಿದ:

"ಬಸ್ಟ್! ಬಸ್ಟ್ ಆದ ನಮ್ಮ ಭಗವಂತ! ಇದು ಮಿದುಳ್ರೀ, ಮುಂಬಯಿ ಮಿದುಳು. ಅರ್ಜಿ ಗೀಚೋ ಮಿದುಳು ಇದಕ್ಕ ಸಾಲಂಗಿಲ್ಲ."

ಮರುದಿನ ಬೆಳಿಗ್ಗೆ ಮರದ ಕೆಳಗೆ ಚಹಾ ತಂದ ಹೋಟೆಲಿನ ಹುಡುಗ "ಬಸ್ಟ್ ಅಣ್ಣಾರ, ಸಕ್ಕರಿ ಕಡಿಮಿನೋ?" ಎಂದ. ವಾರದಲ್ಲಿ ಕಚೇರಿಯ ಜವಾನ, ತಿಂಗಳಲ್ಲಿ ಪೇಟೆ. ಅಫಜಲಪುರದಿಂದ ಹೊಲದ ಕಾಗದಕ್ಕೆ ಬಂದ ರೈತನೊಬ್ಬ ಬೋರ್ಡಿನ ಕೆಳಗೇ ನಿಂತು, ಬಹಳ ಮರ್ಯಾದೆಯಿಂದ ಕೈಮುಗಿದು ಕೇಳಿದ: "ಯಪ್ಪಾ, ಬಸ್ಟ್ ಭಗವಂತಪ್ಪ ಅಂದ್ರ ನೀವ ಏನ್ರಿ?" ಭಗವಂತಪ್ಪ ಅವನ ಅರ್ಜಿ ಬರೆದುಕೊಟ್ಟ. ಆದರೆ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಒಂದು ಕಾಗುಣಿತ ತಪ್ಪಿತು.

ಆದರೂ ಅವನನ್ನು ನಿಜವಾಗಿ ಕೆರಳಿಸಿದ್ದು ಜೇವರ್ಗಿಯಿಂದ ಬಂದ ಒಂದು ಕಾರ್ಡು. ಹೆಂಡತಿ ಗಂಗಾಬಾಯಿಯ ತಮ್ಮ ಬರೆದಿದ್ದ. ಕ್ಷೇಮ ಸಮಾಚಾರವೆಲ್ಲ ಆದ ಮೇಲೆ ಕೊನೆಗೆ: 'ಬಸ್ಟ್ ಭಾವನವರಿಗೆ ಸಾಷ್ಟಾಂಗ ನಮಸ್ಕಾರ'. ಮಾವನ ಮನೆಯವರೆಗೆ ಹೋದ ಹೆಸರು ಇನ್ನು ಸತ್ತ ಮೇಲೂ ಬಿಡುವುದಿಲ್ಲ ಎಂದು ಭಗವಂತಪ್ಪನಿಗೆ ಖಾತ್ರಿಯಾಯಿತು. ಬೋರ್ಡಿನ ಮೇಲೆ 'ರು' ಇದ್ದು ಏನು ಬಂತು?

"ಅವನ ಬಾಯಿಂದ ಬಂದದ್ದು ಅವನ ಬಾಯಿಂದನ ವಾಪಸ್ ಹೋಗಬೇಕು" ಎಂದ ಊಟದ ತಾಟಿನ ಮುಂದೆ.

"ಮೊದಲು ರೊಟ್ಟಿ ನಿಮ್ಮ ಬಾಯಾಗ ಹೋಗ್ಲಿ" ಎಂದಳು ಗಂಗಾಬಾಯಿ. "ಒಂದು ಡಬ್ಬಿ ಜೋಡಿ ಯಾರರ ಸೇಡು ಕಟ್ತಾರೇನ್ರಿ?"

"ಡಬ್ಬಿ ಜೋಡಿ ಅಲ್ಲ. ಡಬ್ಬಿ ತಂದವನ ಜೋಡಿ."

ಮೊದಲು ತನಗೆ ತಿಳಿದ ಆಯುಧವನ್ನೇ ಎತ್ತಿಕೊಂಡ. 'ಯಂತ್ರದ ಮುಖಾಂತರ ಮಾನಹಾನಿ' ಎಂದು ತಲೆಬರಹ ಕೊಟ್ಟು ಏಳು ಪುಟದ ಅರ್ಜಿ ಬರೆದ. ಬಹಳ ಚಂದ ಬಂತು. ಯಾರಿಗೆ ಕೊಡುವುದೆಂದು ತಿಳಿಯದೆ ನಕಲನ್ನೂ ಸೇರಿಸಿ ಹರಿದ. ಆಮೇಲೆ ಹೊಸ ಬುಕ್ಕು ಕಂಕುಳಲ್ಲಿಟ್ಟುಕೊಂಡು ದೌಲತರಾಯನ ಮನೆಗೇ ನಡೆದ.

"ಸಾವ್ಕಾರ್ರ, ಆಟ ಕಲೀಬೇಕಂತ ಮಾಡೇನಿ. ದಿನಾ ಬಂದು ಕೂಡ್ಲೇನು?"

ದೌಲತರಾಯನಿಗೆ ನೋಡುವವರಿಲ್ಲದ ಸಿರಿವಂತಿಕೆ ರುಚಿಸುತ್ತಿರಲಿಲ್ಲ. "ಬಾ ಬಾ. ಮಿದುಳು ಅಂದ್ರೇನಂತ ನೋಡ್ಕೊಂಡು ಹೋಗು" ಎಂದ.

ದಿನವೂ ಸಂಜೆ ಐದಕ್ಕೆ ಆಳಂದದಲ್ಲಿ ಕರೆಂಟ್ ಹೋಗುತ್ತಿತ್ತು, ಆರಕ್ಕೆ ಬರುತ್ತಿತ್ತು. ಬಂದ ಕೂಡಲೇ ದೌಲತರಾಯನ ಪಡಸಾಲೆಯಲ್ಲಿ ಡಬ್ಬಿ ಚಾಲೂ. ದಾಲ್ ಮಿಲ್ಲಿನ ಗುಮಾಸ್ತರು, ಬೀಗರು, ಬಂದವರು ಹೋದವರು ಎಲ್ಲ ಸರದಿಯಲ್ಲಿ ಆಡಿ ಸೋಲುತ್ತಿದ್ದರು. ಭಗವಂತಪ್ಪ ಮೂಲೆಯ ಮಣೆಯ ಮೇಲೆ ಕೂತು ಬೀಳುವ ಪ್ರತಿಯೊಂದು ಎಲೆಯನ್ನು ಬರೆದುಕೊಂಡ. ತಾರೀಖು, ವೇಳೆ, ಕ್ರಮಾಂಕ, ಎಲೆ. ಯಾಕೆ ಬರೆಯುತ್ತಿದ್ದೇನೆಂದು ಅವನಿಗೂ ಗೊತ್ತಿರಲಿಲ್ಲ. ವೈರಿಯ ವಿಷಯ ಕಾಗದದ ಮೇಲಿದ್ದರೆ ಒಳ್ಳೆಯದು ಎಂಬುದಷ್ಟೇ ಅವನ ಕಸುಬು ಕಲಿಸಿದ ಬುದ್ಧಿ. "ಬರ್ಕೊ ಬರ್ಕೊ, ಬಸ್ಟ್ ಪುರಾಣ" ಎಂದು ದೌಲತರಾಯ ದಿನಕ್ಕೊಮ್ಮೆ, "ಮುಂಬಯಿ ಮಿದುಳು" ಎಂದು ದಿನಕ್ಕೆ ಎರಡು ಮೂರು ಸಲ ಹೇಳುತ್ತಿದ್ದ. ಭಗವಂತಪ್ಪ ಎರಡನ್ನೂ ತಾರೀಖಿನ ಸಮೇತ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದ.

ಮೂರನೇ ವಾರದ ಒಂದು ಬೆಳಿಗ್ಗೆ, ಕಕ್ಷಿದಾರರು ಬರುವ ಮುಂಚೆ, ಅವನು ಮರದ ಕೆಳಗೆ ಬುಕ್ಕು ಬಿಚ್ಚಿದ. ಅಭ್ಯಾಸದಂತೆ ಸ್ಕೇಲು ತಾನಾಗಿ ಸಾಲಿನ ಮೇಲೆ ಕೂತಿತು. ಮಂಗಳವಾರದ ಪುಟ: ಐದು, ಗುಲಾಮ, ಎಂಟು, ಮೂರು. ಸ್ಕೇಲು ಪಕ್ಕದ ಪುಟಕ್ಕೆ ಸರಿಯಿತು. ಗುರುವಾರ: ಐದು, ಗುಲಾಮ, ಎಂಟು, ಮೂರು. ಇನ್ನೊಂದು ಸಾಲು ಇಳಿಸಿದ. ಅದೂ ಅದೇ. ಹಿಂದಿನ ವಾರ ತೆಗೆದ. ಅದೂ ಅದೇ.

ಭಗವಂತಪ್ಪ ಸ್ಕೇಲನ್ನು ಮೇಲಕ್ಕೊಯ್ದು ಮೊದಲ ಸಾಲಿನಿಂದ ಇನ್ನೊಮ್ಮೆ ಇಳಿಸಿದ. ಕಾಲು ಶತಮಾನ ಅಸಲು ನಕಲು ಹೋಲಿಸಿದವನಿಗೆ ಮೋಸ ಹೋಗುವ ಮಾತೇ ಇರಲಿಲ್ಲ. ಕರೆಂಟ್ ಹೋಗಿ ಬಂದು ಡಬ್ಬಿ ಹೊಸದಾಗಿ ಚಾಲೂ ಆದಾಗಲೆಲ್ಲ ಅದು ಅದೇ ಎಲೆಗಳನ್ನು ಅದೇ ಕ್ರಮದಲ್ಲಿ ಹಾಕುತ್ತಿತ್ತು. ಮುಂಬಯಿ ಮಿದುಳಿಗೆ ಗೊತ್ತಿದ್ದದ್ದು ಒಂದೇ ಪಾಠ, ಅದನ್ನು ದಿನವೂ ಮೊದಲಿನಿಂದ ಒಪ್ಪಿಸುತ್ತಿತ್ತು. ಎಪ್ಪತ್ತೆರಡನೇ ಎಲೆಯವರೆಗೆ ತಾಳೆ ಸಿಕ್ಕಿತು. ಅದರಾಚೆಗೆ ತಾಳೆ ಇರಲಿಲ್ಲ, ಏಕೆಂದರೆ ಅಷ್ಟರೊಳಗೆ ದಿನದ ಮೊದಲ ಆಟಗಾರನ ಪಾಯಿಂಟು ತೀರಿ, ಮುಂದಿನವನಿಗೆ ಡಬ್ಬಿ ದಿನಕ್ಕೊಂದು ಬಗೆಯಲ್ಲಿ ಎಲೆ ಹಾಕುತ್ತಿತ್ತು.

ಅಂದಿನಿಂದ ಗಂಗಾಬಾಯಿಗೆ ಹೊಸ ಕಾಟ ಶುರುವಾಯಿತು. ಗಂಡ ಸ್ನಾನಕ್ಕೆ ಹೋದರೆ ಬಚ್ಚಲಿನಿಂದ "ಐದು, ಗುಲಾಮ, ಎಂಟು, ಮೂರು". ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂತರೂ ತುಟಿಯ ಮೇಲೆ "ಒಂಬತ್ತು, ಹತ್ತು, ರಾಜ, ರಾಣಿ, ಎರಡು".

"ಪೂಜಾದಾಗ ರಾಣಿ ಯಾಕ ಬಂದಳ್ರೀ?"

"ಆಕಿ ಎಪ್ಪತ್ತೊಂದನೇದಾಕಿ. ಸುಮ್ಮನಿರು."

ಗಂಗಾಬಾಯಿ ಸುಮ್ಮನಿದ್ದಳು. ಆದರೆ ಜಿಡಗಾ ಮಠಕ್ಕೆ ಒಂದು ತೆಂಗಿನಕಾಯಿ ಹರಕೆ ಹೊತ್ತಳು.

ಪಾಠ ಬಾಯಿಗೆ ಬಂದ ಮೇಲೆ ಭಗವಂತಪ್ಪ ಲಾಡ್ಲೆಸಾಬನ ಅಂಗಡಿಯ ಮುಂದೆ, ಪೇಟೆ ತುಂಬಿದ ಹೊತ್ತಿನಲ್ಲಿ, ದೌಲತರಾಯನನ್ನು ತಡೆದ. ಕೈಯಲ್ಲಿ ಛಾಪಾ ಕಾಗದದ ಮೇಲೆ ಬರೆದ ಕರಾರು ಇತ್ತು. ಡಬ್ಬಿಯನ್ನು ಸೋಲಿಸದಿದ್ದರೆ ಭಗವಂತಪ್ಪ ತನ್ನ ಬೋರ್ಡಿನ ಮೇಲೆ 'ಬಸ್ಟ್ ಭಗವಂತ' ಎಂದು ತಾನೇ ಬರೆಸಿಕೊಳ್ಳತಕ್ಕದ್ದು. ಸೋಲಿಸಿದರೆ ದೌಲತರಾಯರು ಬಸ್ ಸ್ಟ್ಯಾಂಡಿನಲ್ಲಿ, ಬೆಳಗಿನ ಹತ್ತರ ಗುಲ್ಬರ್ಗಾ ಬಸ್ಸಿನ ಮುಂದೆ ನಿಂತು, 'ಶ್ರೀ ಭಗವಂತಪ್ಪನವರ ಮುಂದೆ ನಾನು ಸೋತಿದ್ದೇನೆ' ಎಂದು ಮೂರು ಸಲ ಸ್ಪಷ್ಟವಾಗಿ ಹೇಳತಕ್ಕದ್ದು.

"ಭಗವಂತಪ್ಪಣ್ಣ, ದಿಮಾಕ್ ಖರಾಬ್ ಆಗೇದೇನು?" ಎಂದ ಲಾಡ್ಲೆಸಾಬ ಕಿವಿಯಲ್ಲಿ. "ಬೋರ್ಡು ಹೋದ್ರ ಹೊಟ್ಟಿ ಮ್ಯಾಲ ಬರ್ತದ."

ದೌಲತರಾಯ ಸುತ್ತ ನೋಡಿದ. ಇಷ್ಟು ಜನ ನೋಡುತ್ತಿರುವಾಗ ಅವನು ಎಂದೂ ಯಾವುದಕ್ಕೂ ಇಲ್ಲ ಎಂದವನಲ್ಲ. ಓದದೆಯೇ ಸಹಿ ಮಾಡಿದ. ಲಾಡ್ಲೆಸಾಬನೂ ಲೈನಮನ್ ಚಂದಪ್ಪನೂ ಸಾಕ್ಷಿ ಹಾಕಿದರು. ಬರುವ ಸೋಮವಾರ, ಸಂಜೆ ಆರಕ್ಕೆ ಸರಿಯಾಗಿ, ಅಂದರೆ ಕರೆಂಟ್ ಬಂದ ಕೂಡಲೇ, ಆಟ.

ಸೋಮವಾರ ದೌಲತರಾಯನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಐದಾಯಿತು. ಟೀವಿ ನಡೆದೇ ಇತ್ತು, ದೌಲತರಾಯ ಡಬ್ಬಿಯ ಜೊತೆ ಆಡುತ್ತಲೇ ಇದ್ದ. ಐದೂಕಾಲು. ಐದೂವರೆ. ಭಗವಂತಪ್ಪ ತಲೆಯ ಮೇಲಿನ ಫ್ಯಾನನ್ನು ನೋಡಿದ. ಅದು ಹುಮ್ಮಸ್ಸಿನಿಂದ ತಿರುಗುತ್ತಿತ್ತು.

"ಚಂದಪ್ಪ, ಕರೆಂಟ್ ಯಾಕ ಹೋಗವಲ್ದು?"

"ಇವತ್ತ ಹೋಗಂಗಿಲ್ರಿ!" ಚಂದಪ್ಪ ತಾನೇ ಅದನ್ನು ಹುಟ್ಟಿಸಿದವನಂತೆ ಹೇಳಿದ. "ಜಿಡಗಾ ಮಠಕ್ಕ ಮಂತ್ರಿಗಳು ಬರಾಕತ್ತಾರ. ಬೆಳತನಕ ಲೈನ್ ತೆಗೀಬಾರದಂತ ಆರ್ಡರ್ ಐತಿ."

ಜನ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಭಗವಂತಪ್ಪ ಮಾತ್ರ ತಟ್ಟಲಿಲ್ಲ. ಡಬ್ಬಿ ಮಧ್ಯಾಹ್ನದಿಂದ ಒಂದೇ ಸಮ ನಡೆದಿತ್ತು. ಪಾಠದ ಎಷ್ಟನೇ ಪುಟದಲ್ಲಿತ್ತೋ ಯಾರಿಗೆ ಗೊತ್ತು? ಹೆಂಡತಿಯ ತೆಂಗಿನಕಾಯಿ ಹರಕೆಯೂ ಅದೇ ಮಠಕ್ಕೆ ಎಂಬುದು ನೆನಪಾಗಿ ಇನ್ನೂ ಸಂಕಟವಾಯಿತು. ಏಳು ಪುಟದ ಅರ್ಜಿ ಬರೆದ ತಲೆ ಒಂದು ಸಾಲಿಗೂ ಗತಿಯಿಲ್ಲದೆ ಕೂತಿತು. ಬೋರ್ಡಿನ ಮೇಲೆ ಹೊಸ ಅಕ್ಷರ ಬಿದ್ದದ್ದು, ಅದರ ಕೆಳಗೆ ಅಫಜಲಪುರದ ರೈತ ಕೈಮುಗಿದು ನಿಂತದ್ದು ಕಣ್ಣಿಗೆ ಕಟ್ಟಿತು.

ದೌಲತರಾಯ ಹಿಡಿಕೆಯನ್ನು ಅವನ ತೊಡೆಯ ಮೇಲೆ ಎಸೆದ. "ಹಿಡಿ. ಮಿಶಿನ್ ಬಿಸಿ ಆಗೇದ, ಗುಂಡಿ ಒತ್ತೋದೊಂದ ಬಾಕಿ."

ಭಗವಂತಪ್ಪ ಹಿಡಿಕೆಯನ್ನು ಮುಟ್ಟಲಿಲ್ಲ. ಹದಿನೆಂಟು ವರ್ಷದ ಹಳೆಯ ಮಾತು ತಾನಾಗಿ ಬಾಯಿಗೆ ಬಂತು.

"ಕಟ್ ಆಗಲಾರದ ಎಲಿ ನಾ ಮುಟ್ಟಂಗಿಲ್ರಿ."

ಪಡಸಾಲೆ ಗೊಳ್ಳೆಂದಿತು. ಲಾಡ್ಲೆಸಾಬ ಹಣೆ ಬಡಿದುಕೊಂಡ. "ಇವರದು ಶುರು ಆತು ನೋಡ್ರಿ. ನನ್ನ ಚಹಾನೂ ಹಿಂಗ ಬಿಟ್ಟು ಹೋಗಿದ್ರು."

"ಲೇ ಭಗವಂತ, ಇದರೊಳಗ ಕೈ ಹಾಕಿ ಕಟ್ ಮಾಡ್ತೀಯೇನು?"

"ನನಗ ಅದೆಲ್ಲ ತಿಳಿಯಂಗಿಲ್ರಿ ಸಾವ್ಕಾರ್ರ. ನಾ ಅರ್ಜಿ ಗೀಚಾಂವ" ಎಂದ ಭಗವಂತಪ್ಪ ಬಹಳ ಮೆತ್ತಗೆ. "ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ, ಅದನ್ನ ಕಟ್ ಅಂತ ತಿಳ್ಕೋತೀನಿ. ಆದ್ರ ನನ್ನ ಕೈ ಬ್ಯಾಡ. ನಾಳಿ ಜನ ನಾ ಏನೋ ಮಾಡಿದೆ ಅಂತಾರ. ನಿಮ್ಮ ಕೈಲೆ ಆಗ್ಲಿ."

ದೌಲತರಾಯ ಎದ್ದ. ಔದಾರ್ಯ ತೋರಿಸುವಾಗ ಅವನು ಯಾವಾಗಲೂ ಎದ್ದು ನಿಲ್ಲುತ್ತಿದ್ದ. "ನೋಡ್ರಿಪಾ ಎಲ್ಲಾರೂ! ಸಾಯಾಂವನ ಕಡಿ ಆಸೆ ನಡಸಾಕತ್ತೇನಿ" ಎಂದು ಹೇಳಿ, ಉಂಗುರದ ಕೈಯಿಂದ ಸ್ವಿಚ್ಚು ಹಿಂದೆ ಎಳೆದು, ಎಲ್ಲರ ಮುಖ ನೋಡಿ, ಮತ್ತೆ ಮುಂದೆ ದೂಡಿದ.

ಹಸಿರು ಹಾಸು ಬಿದ್ದಿತು. ಐದು ಬಂತು. ಗುಲಾಮ ಬಂದ. ಎಂಟು ಬಂತು.

ಭಗವಂತಪ್ಪ ಮೊದಲೆರಡು ಆಟ ಹತ್ತು ಹತ್ತು ಪಾಯಿಂಟು ಹಚ್ಚಿ ಬೇಕೆಂದೇ ಸೋತ. ಗೆಲ್ಲುವುದಷ್ಟೇ ಆಗಿದ್ದರೆ ಇದು ಬೇಕಿರಲಿಲ್ಲ. ಆದರೆ ಆ ಮಾತನ್ನು ಇಷ್ಟು ಜನರ ಮುಂದೆ ದೌಲತರಾಯ ಇನ್ನೊಮ್ಮೆ ಹೇಳಬೇಕಿತ್ತು. ಅವನು ಹೇಳಿದ: "ಮಿದುಳ್ರೀ! ಮುಂಬಯಿ ಮಿದುಳು!" ಭಗವಂತಪ್ಪ ತಲೆಯಾಡಿಸಿ ಮೂರನೇ ಆಟಕ್ಕೆ ನೂರು ಹಚ್ಚಿದ.

ಅಲ್ಲಿಂದ ಡಬ್ಬಿಯ ಸುಖದ ದಿನಗಳು ಮುಗಿದವು. ಸೋಲುವ ಆಟಕ್ಕೆ ಇಪ್ಪತ್ತು, ಗೆಲ್ಲುವ ಆಟಕ್ಕೆ ನೂರು. ನಾನೂರು ದಾಟಿದಾಗ ಸೋಫಾದವರು ಮುಂದಕ್ಕೆ ಬಾಗಿದರು. ಏಳುನೂರು ದಾಟಿದಾಗ ಚಹಾ ತಂದವರು ತಾಟು ಹಿಡಿದು ಅಲ್ಲೇ ನಿಂತರು. ದೌಲತರಾಯ ಎರಡು ಸಲ ಡಬ್ಬಿಯ ತಲೆ ತಟ್ಟಿದ, ಜ್ವರ ಬಂದ ಎಮ್ಮೆಯನ್ನು ತಟ್ಟುವಂತೆ.

ಹದಿನಾಲ್ಕನೇ ಆಟ. ಪಾಯಿಂಟು ಒಂಬೈನೂರ ಇಪ್ಪತ್ತು. ಭಗವಂತಪ್ಪನಿಗೆ ಗೊತ್ತಿದ್ದದ್ದು ಇನ್ನು ಐದೇ ಎಲೆ. ಅದಾದರೆ ಅವನೂ ಎಲ್ಲರಂತೆ ಕುರುಡ. ನೂರು ಹಚ್ಚಿದ. ಅವನಿಗೆ ಒಂಬತ್ತು, ಡಬ್ಬಿಗೆ ಹತ್ತು, ಅವನಿಗೆ ರಾಜ. ಡಬ್ಬಿಯ ಎರಡನೇ ಎಲೆ ಮುಚ್ಚಿ ಬಿತ್ತು.

"ಹತ್ತೊಂಬತ್ತು! ನಿಲ್ರಿ, ಸಾಕು!" ಎಂದು ಲಾಡ್ಲೆಸಾಬ ಕೂಗಿದ.

ಮುಚ್ಚಿದ ಎಲೆಯ ಕೆಳಗೆ ರಾಣಿ ಇದ್ದಾಳೆಂದು, ಡಬ್ಬಿಯ ಬಳಿ ಇಪ್ಪತ್ತಿದೆಯೆಂದು ಆ ಮನೆಯಲ್ಲಿ ಒಬ್ಬನಿಗೇ ಗೊತ್ತಿತ್ತು. ಭಗವಂತಪ್ಪ ದೌಲತರಾಯನ ಕಡೆ ತಿರುಗಿ, ಅವನ ಕಣ್ಣಲ್ಲಿ ಕಣ್ಣಿಟ್ಟು, ಪರದೆ ನೋಡದೆಯೇ ಇನ್ನೊಂದು ಎಲೆ ಕೇಳಿದ.

"ಹೋತು! ಬಸ್ಟ್!" ಎಂದ ದೌಲತರಾಯ.

ಎರಡು ಬಂತು. ಇಪ್ಪತ್ತೊಂದು. ಡಬ್ಬಿ, ಆಳಂದದಲ್ಲಿ ಯಾರೂ ಕೇಳದಿದ್ದ ತನ್ನ ಹಾಡನ್ನು ಕೀಚುದನಿಯಲ್ಲಿ ಹೇಳತೊಡಗಿತು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಗುಲ್ಬರ್ಗಾ ಬಸ್ಸಿಗೆ ಹೋಗದವರೂ ಸೇರಿದ್ದರು. ದೌಲತರಾಯ ಒಂದು ಸಲ ಗೊಣಗಿದ.

"ಇಂಜಿನ್ ಸಪ್ಪಳದಾಗ ಕೇಳ್ಸಲಿಲ್ರಿ" ಎಂದ ಭಗವಂತಪ್ಪ ಛಾಪಾ ಕಾಗದ ಬಿಚ್ಚಿ. "ಕರಾರಿನಾಗ 'ಸ್ಪಷ್ಟವಾಗಿ' ಅಂತ ಐತಿ."

ಎರಡನೇ ಸಲ 'ಶ್ರೀ' ಬಿಟ್ಟುಹೋಯಿತು. ಅದೂ ಲೆಕ್ಕಕ್ಕೆ ಬರಲಿಲ್ಲ. ಹೀಗೆ ಮೂರು ಸಲ ಆಗುವಷ್ಟರಲ್ಲಿ ಆರು ಸಲ ಆಗಿತ್ತು. ಬಸ್ಸು ಹತ್ತು ನಿಮಿಷ ತಡವಾಗಿ ಬಿಟ್ಟಿತು. ಕಂಡಕ್ಟರನೇ ಸೀಟಿ ಹೊಡೆಯಲು ಒಪ್ಪಿರಲಿಲ್ಲ.

ಇಪ್ಪತ್ತು ದಿನಗಳ ಮೇಲೆ ಮಧ್ಯಾಹ್ನ ಮರದ ಕೆಳಗೆ ದೌಲತರಾಯ ಬಂದು ನಿಂತ. ಕರೆಂಟ್ ಎಂದಿನಂತೆ ಹೋಗಿ ಬರುತ್ತಿತ್ತು. ಕೊನೆಗೆ ಅವನ ಕಣ್ಣಿಗೂ ಅದು ಬಿದ್ದಿತ್ತು.

"ನಿನಗ ಮೊದಲ ಗೊತ್ತಿತ್ತು" ಎಂದ ಹಲ್ಲು ಕಚ್ಚಿ. "ಅದು ದಿನಾ ಅವ ಎಲಿ ಹಾಕ್ತದ. ಊರಿಗೆಲ್ಲ ಹೇಳ್ತೇನಿ. ಮುಂಬಯಿ ಅಂಗಡಿಯವಗ ಅರ್ಜಿ ಹಾಕ್ತೇನಿ!"

"ಅರ್ಜಿ ಅಂದ್ರ ಬರ್ರಿ, ಕೂಡ್ರಿ." ಭಗವಂತಪ್ಪ ಮಣೆ ಸರಿಸಿದ. ಬಸ್ ಸ್ಟ್ಯಾಂಡಿನ ಆ ದಿನವೇ ಮನೆಯಿಂದ ತಂದಿಟ್ಟುಕೊಂಡ ಸಣ್ಣ ಮಣೆ ಅದು, ಇಪ್ಪತ್ತು ದಿನದಿಂದ ಕಾಯುತ್ತಿತ್ತು. ಕಾಗದದ ಮಡಿಕೆ ತೀಡಿ ಲೇಖನಿ ಎತ್ತಿದ. "ಹೇಳ್ರಿ. ಆ ದಿನ ಮಿಶಿನ್ ಬಂದ್ ಮಾಡಿ ಚಾಲೂ ಮಾಡಿದ್ದು ಯಾರು?"

ದೌಲತರಾಯ ಮೇಲಿನ ಬೋರ್ಡು ನೋಡಿದ.

"ಅರ್ಜಿದಾರರ ಬಾಯಿಲೆ ಬರಬೇಕ್ರಿ."

"...ನಾನ."

"ಯಾರ ಕೈಲೆ?"

"ನನ್ನ ಕೈಲೆ."

"'ಸ್ವಂತ ಕೈಯಿಂದ, ಸ್ವಸಂತೋಷದಿಂದ'." ಬರೆದ. "ಮಿದುಳು ಐತಿ ಅಂತ ಎಷ್ಟು ಸಲ ಹೇಳೀರಿ? ಬ್ಯಾಡ, ನನ್ನ ಬುಕ್ಕಿನಾಗ ತಾರೀಖು ಸಹಿತ ಐತಿ, ಐವತ್ಮೂರು. 'ಸದರಿ ಯಂತ್ರಕ್ಕೆ ಮಿದುಳಿಲ್ಲವೆಂಬುದು ಅರ್ಜಿದಾರನಿಗೆ ಐವತ್ಮೂರು ಸಲ ಹೊಗಳಿದ ನಂತರ ತಿಳಿದುಬಂದಿರುತ್ತದೆ.' ನೋಡ್ರಿ ಸಾವ್ಕಾರ್ರ, ಊರಿಗೆ ಹೇಳೋದಾದ್ರ ಇಷ್ಟೂ ಹೇಳಬೇಕಾಗ್ತದ. ಈಗ ಜನ ನಿಮಗ ಸೋತಾಂವ ಅಂತಾರ ಅಷ್ಟ. ಸೋತಾಂವ ಅನ್ನಿಸ್ಕೊಂಡು ಇರ್ತೀರೋ, ಹೆಡ್ಡ ಅನ್ನಿಸ್ಕೋತೀರೋ, ನಿಮ್ಮ ಮರ್ಜಿ. ಸಹಿ ಇಲ್ಲಿ."

ದೌಲತರಾಯ ಸುತ್ತ ನೋಡಿದ. ಅರ್ಜಿ ಬರೆಸಿ ಸಹಿ ಮಾಡದೆ ಎದ್ದರೆ ಮಾತು ಕೇಳದಷ್ಟು ದೂರದಲ್ಲಿ ಸರದಿ ಕಾಯುತ್ತಿದ್ದ ಕಕ್ಷಿದಾರರು ಯಾಕೆಂದು ಕೇಳುತ್ತಿದ್ದರು. ಸಹಿ ಮಾಡಿದ. ಭಗವಂತಪ್ಪ ಸ್ಕೇಲಿಟ್ಟು ಅಸಲಿಗೂ ನಕಲಿಗೂ ತಾಳೆ ನೋಡಿದ, ಅವಸರವಿಲ್ಲದೆ, ಸಾಲು ಸಾಲಾಗಿ. ನಕಲಿನ ಮೇಲೂ ಸಹಿ ಹಾಕಿಸಿ ಅದನ್ನು ಕೆಂಪು ಬುಕ್ಕಿನೊಳಗೆ ಇಟ್ಟ. ದೌಲತರಾಯ ಅಸಲನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಅದು ಟಪಾಲಿಗೆ ಬೀಳಲಿಲ್ಲ. ಅದು ಬೀಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಭಗವಂತಪ್ಪ ಆ ಮರದ ಕೆಳಗೆ ಇನ್ನೂ ಹನ್ನೆರಡು ವರ್ಷ ಕೂತ. ಡಬ್ಬಿ ಎಂದೋ ಅಟ್ಟ ಸೇರಿತು. ದೌಲತರಾಯ ತಹಸೀಲ ಕಚೇರಿಗೆ ಬಂದಾಗಲೆಲ್ಲ ಎದುರಿನ ಬಾಗಿಲು ಬಿಟ್ಟು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದ. ತಪ್ಪಿ ಎದುರು ಬಂದರೆ, ಪೇಟೆಯ ನಡುವೆಯೇ ನಿಂತು, "ಭಗವಂತಪ್ಪನವರ, ಆರಾಮ ಅದೀರೇನ್ರಿ?" ಎನ್ನುತ್ತಿದ್ದ.

ಭಗವಂತಪ್ಪ ಉತ್ತರ ಕೊಡುವ ಮುಂಚೆ ಕೆಂಪು ಬುಕ್ಕನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಳ್ಳುತ್ತಿದ್ದ.

"ಆರಾಮ್ರಿ" ಎನ್ನುತ್ತಿದ್ದ. "ಎಲ್ಲಾ ಜ್ವಾಕಿಯಿಂದ ಇಟ್ಟೇನಿ."